ಸ್ಟೇರಿಂಗಿನ ಪಕ್ಕದ ಮುಳ್ಳು, ಸುನೋಲ್ ಏರಿನ ಸುಳ್ಳು

ವೇದಿಕೆಯನ್ನು ಅಲಂಕರಿಸಿರುವ ಹಿರಿಯರಾದ ಸ್ಪೀಡಾಮೀಟರ್ ಅವರೇ, ಸದಾ ತಲೆ ತಗ್ಗಿಸಿಯೇ ಇರುವ ವಿನಯವಂತ ಪೆಟ್ರೋಲ್ ಮುಳ್ಳಿನವರೇ, ಯಾವ ಸರ್ಕಾರ ಬಂದರೂ ನಾಲ್ಕೂಕಾಲು ಗಂಟೆಯನ್ನು ಬಿಟ್ಟುಕೊಡದ ಗಡಿಯಾರ ಮಹಾಶಯರೇ, ಆರುನೂರ ಎಂಬತ್ತನೇ ಫ್ರೀವೇಯಲ್ಲಿ ನನ್ನನ್ನು ಎಡದಿಂದಲೂ ಬಲದಿಂದಲೂ ದಾಟಿ ಹೋದ ಸಮಸ್ತ ಮಹಾಜನರೇ, ತಮ್ಮೆಲ್ಲರ ಸಮಕ್ಷಮದಲ್ಲಿ ಈ ಡ್ಯಾಶ್‌ಬೋರ್ಡಿನ ಹೊಸ ಸದಸ್ಯರಿಗೆ ನನ್ನ ಅಹವಾಲನ್ನು ಓದಿ ಹೇಳಲು ಅಪ್ಪಣೆಯಾಗಬೇಕು.

ಮಾನ್ಯ ಟ್ಯಾಕೋಮೀಟರ್ ಸಾಹೇಬರೇ,

ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಲೋಕಕ್ಕೆ ಸಾರುವ ಘನ ಹುದ್ದೆಗೆ ತಮ್ಮನ್ನು ಆರಿಸಿಕೊಂಡವನು ನಾನೇ ಎಂಬುದನ್ನು ತಾವು ಮರೆತಿರಲಾರಿರಿ. ಈ ತೊಂಬತ್ತೊಂಬತ್ತನೇ ಇಸವಿಯಲ್ಲಿ ನಮ್ಮ ಪ್ಲೆಸೆಂಟನ್ ಊರಿನ ಸಾಫ್ಟ್‌ವೇರ್ ಹುಡುಗರು ಶೇರು ಏರಿದ ಖುಷಿಗೆ ಹೊಸ ಜರ್ಮನ್ ಕಾರು ತರುತ್ತಿದ್ದರೆ, ಹಗಲೆಲ್ಲ ಕಂಪ್ಯೂಟರಿನ ಎರಡಂಕಿಯ ಇಸವಿಗಳಿಗೆ ನಾಲ್ಕಂಕಿ ತೊಡಿಸುವ ನಾನು ಮಾತ್ರ ಅರವತ್ತೊಂಬತ್ತರ ಮಾಡೆಲ್ಲಿನ, ಎಂಟು ಸಿಲಿಂಡರಿನ, ತೊಡೆ ತಟ್ಟಿ ನಿಂತ ಪೈಲ್ವಾನನಂಥ ಮಸಲ್ ಕಾರೊಂದನ್ನು ಮನೆಗೆ ತಂದೆ. ತಂದ ಮೇಲೆ ನೋಡಿದರೆ ಪೈಲ್ವಾನನ ನಾಡಿ ಹಿಡಿಯುವ ವೈದ್ಯರೇ ಡ್ಯಾಶ್‌ಬೋರ್ಡಿನಲ್ಲಿಲ್ಲ. ಮೋಡೆಮ್ಮು ಕೀರಲು ದನಿಯಲ್ಲಿ ಹಾಡುತ್ತಿದ್ದ ಎಷ್ಟೋ ಸಂಜೆಗಳಲ್ಲಿ ನಾನು ಇಂಟರ್ನೆಟ್ಟಿನ ಅಂಗಡಿಗಳಲ್ಲಿ ಈ ಹುದ್ದೆಯ ಅಭ್ಯರ್ಥಿಗಳ ಸಂದರ್ಶನ ನಡೆಸಿದೆ. ಒಬ್ಬರು ಬಾನೆಟ್ಟಿನ ಮೇಲೆ, ಗಾಜಿನ ಆಚೆ, ಬಿಸಿಲು ಮಂಜಿನಲ್ಲಿ ಕೂರುತ್ತೇನೆಂದರು. ಮನೆಯ ಯಜಮಾನನನ್ನು ಹೊರಗೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಇನ್ನೊಬ್ಬರು ಡ್ಯಾಶ್‌ಬೋರ್ಡು ಕೊರೆದು ಜಾಗ ಮಾಡಿಕೊಡಿ ಎಂದರು. ಬಂದ ದಿನವೇ ಗೋಡೆ ಒಡೆಸುವವರ ಸಹವಾಸ ಯಾರಿಗೆ ಬೇಕು. ತಾವೊಬ್ಬರೇ ಸ್ಟೇರಿಂಗಿನ ಕಂಬಕ್ಕೆ ಪಟ್ಟಿ ಕಟ್ಟಿಕೊಂಡು ಸುಮ್ಮನಿರುತ್ತೇನೆಂದಿರಿ. ಮುಖ ದುಂಡು, ಮಾತು ತುಂಡು ಎಂದು ಮೆಚ್ಚಿ ನೇಮಿಸಿದೆ.

ಪ್ರತಿಷ್ಠಾಪನೆಯ ವೈಭವವೂ ಕಡಿಮೆಯದಲ್ಲ. ಆಫೀಸಿನಲ್ಲಿ ಫೈರ್‌ವಾಲ್ ಎಂದರೆ ಯಾರೂ ಕಂಡಿರದ ಒಂದು ಮಾಯೆ. ಕಾರಿನಲ್ಲಾದರೆ ಅದು ಇಂಜಿನ್ನಿಗೂ ನಮ್ಮ ಮೊಣಕಾಲಿಗೂ ನಡುವಿನ ನಿಜವಾದ ತಗಡು. ಅದರ ತೂತಿನಲ್ಲಿ ತಮ್ಮ ಹಸಿರು ತಂತಿಯನ್ನು ತೂರಿಸಿ, ನನ್ನ ಕನ್ನಡ ಮಾಧ್ಯಮದ ಭೌತಶಾಸ್ತ್ರದಲ್ಲಿ ‘ಪ್ರೇರಣ ಸುರುಳಿ’ ಎಂದು ಮೆರೆದಿದ್ದ ಇಗ್ನಿಷನ್ ಕಾಯಿಲಿನ ಋಣ ತುದಿಗೆ ಕಟ್ಟಿದಾಗ, ಪರೀಕ್ಷೆಗೆ ಬಾಯಿಪಾಠ ಮಾಡಿದ ಪದವೊಂದು ಕೈಗೆ ಸಿಕ್ಕ ಸಂತೋಷಕ್ಕೆ ಗ್ಯಾರೇಜಿನಲ್ಲೇ ಒಂದು ಸುತ್ತು ಕುಣಿದೆ.

ಆಮೇಲೆ ಆಯುಧಪೂಜೆ ಬಂತು. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ನಮ್ಮ ಅತ್ತೆ ಕಮಲವ್ವನವರು ಸಾಹೇಬರೇ, ತಮ್ಮ ದುಂಡು ಮುಖದ ಹಣೆಗೆ ಕುಂಕುಮವಿಡುತ್ತ, ತಮ್ಮ ಬೆನ್ನಿನಲ್ಲಿದ್ದ ಪುಟ್ಟ ಸ್ವಿಚ್ಚನ್ನು ಕಂಡು ಇದೇನೆಂದು ಕೇಳಿದರು. ಇಂಜಿನ್ನಿಗೆ ಎಷ್ಟು ಸಿಲಿಂಡರೋ ಅದನ್ನು ಅಷ್ಟಕ್ಕೆ ಇಡಬೇಕು, ನಾಲ್ಕು, ಆರು, ಎಂಟು ಎಂದು ಮೂರು ಮನೆಗಳಿವೆ, ನಮ್ಮದು ಎಂಟು ಎಂದೆ. ಅವರ ಕೈಯ ಆರತಿ ನಿಂತಿತು. “ಎಂಟು ಬ್ಯಾಡ್ರಿ ಅಳಿಯಂದ್ರ. ನಿಮಗ ಅಷ್ಟಮ ಶನಿ ನಡದೈತಿ. ಇದ್ದ ಎಂಟಽ ಸಾಕಾಗೈತಿ, ಮ್ಯಾಲ ಇದೊಂದ್ಯಾಕ? ಆರಕ್ಕ ಇಡ್ರಿ, ತಂಪಿರತೈತಿ.” ಪೂಜೆ ಮುಗಿಯುವವರೆಗೆ ಇರಲಿ ಎಂದು ಆರಕ್ಕೆ ಸರಿಸಿದೆ. ಪೂಜೆ ಮುಗಿಯಿತು, ಹೋಳಿಗೆ ಬಂತು, ಸ್ವಿಚ್ಚು ಮರೆತುಹೋಯಿತು.

ಇಲ್ಲಿಂದ ತಮ್ಮ ಸೇವಾವಧಿಯ ಕರಾಳ ಅಧ್ಯಾಯ. ನನ್ನ ಹೆಂಡತಿ ಮಾಧುರಿ ಒಂದು ಷರತ್ತು ಹಾಕಿದ್ದಳು: “ನನ್ನ ತಮ್ಮನ ಮಿನಿವ್ಯಾನಿಗಿಂತ ಮೊದಲ ಆ ಬಳ್ಳೊಳ್ಳಿ ಊರು ಗಿಲ್‌ರಾಯ್ ಮುಟ್ಟಿದ್ರ ನಿಮ್ಮ ಕಬ್ಬಿಣ ಗ್ಯಾರೇಜಿನ್ಯಾಗ ಇರಲಿ. ಇಲ್ಲಂದ್ರ ಮಾರಿಬಿಡ್ರಿ, ನನ್ನ ಕಾರು ಬಿಸಲಾಗ ಒಣಗಾಕತ್ತೈತಿ.” ಆ ತಮ್ಮ, ಗುರುಕಿರಣ, ಬೆರ್ರಿಯೆಸಾ ಬಡಾವಣೆಯವನು. ಶನಿವಾರ ಅವನೂ ಅವನ ವ್ಯಾನೂ ವ್ಯಾನಿನ ತುಂಬ ಅತ್ತೆ, ಮಕ್ಕಳು, ಚಕ್ಕುಲಿ ಡಬ್ಬಿಗಳೂ, ನಾನೂ ಮಾಧುರಿಯೂ ತಾವೂ, ನಮ್ಮ ಮನೆಯಿಂದ ಒಟ್ಟಿಗೇ ಹೊರಟೆವು. ದಾರಿಯಲ್ಲಿ ಸಿಗುವ ಸುನೋಲ್ ಗುಡ್ಡದ ಏರಿನಲ್ಲಿ ಇಂಜಿನ್ನು ಮೂರು ಸಾವಿರ ಸುತ್ತು ತಿರುಗುತ್ತಿದ್ದಾಗ ತಾವು ನಾಲ್ಕು ಸಾವಿರವೆಂದು ಘೋಷಿಸಿದಿರಿ. ಆರು ಸಿಲಿಂಡರೆಂದು ನಂಬಿದ ಮುಳ್ಳು ಎಂಟರ ಮಿಡಿತ ಎಣಿಸಿದರೆ ಹೀಗೇ ಆಗುತ್ತದೆ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಏರಿನಲ್ಲಿದ್ದಾಗ ಮಾತ್ರ, ಅಯ್ಯೋ ಇಂಜಿನ್ನು ಸಿಡಿಯುತ್ತದೆ ಎಂದು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಮುಳ್ಳಿನ ಸುಳ್ಳಿಗೆ ಕಾರು ಕಲ್ಲು. ವ್ಯಾನು ಪಕ್ಕಕ್ಕೆ ಬಂತು. ಗುರುಕಿರಣ ಗಾಜಿಳಿಸಿ, “ಮಾಮಾ, ಹಿಂದ ಹಗ್ಗ ಐತ್ರಿ, ಕಟ್ಟಲೇನು?” ಎಂದ. ಕಮಲವ್ವನವರು ಕೈ ಮುಗಿದರು, ನನಗಲ್ಲ, ಶನಿದೇವರಿಗೆ.

ಸಾಹೇಬರೇ, ತಮ್ಮ ವಿಧೇಯತೆಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಆರು ಎಂದರೆ ಆರು. ಇಂಥ ನೌಕರ ಯಾವ ಕಚೇರಿಯಲ್ಲಿ ಸಿಗುತ್ತಾನೆ? ಆದರೂ ಒಮ್ಮೆ ಬಾನೆಟ್ಟಿನೊಳಗೆ ಇಣುಕಿ ಸಿಲಿಂಡರುಗಳನ್ನು ತಾವೇ ಎಣಿಸಬಹುದಿತ್ತಲ್ಲವೇ? ಇನ್ನು ಮುಂದಾದರೂ ಏರು ಬಂದಾಗ ಕಡಿಮೆ ತೋರಿಸಿ ಧೈರ್ಯ ತುಂಬಬೇಕು, ಭಾವಮೈದುನ ಕಂಡಾಗ ಕಣ್ಣು ಮುಚ್ಚಿಕೊಳ್ಳಬೇಕು, ಅತ್ತೆ ಕಂಡಾಗ ಬೆನ್ನು ತಿರುಗಿಸಬಾರದು, ಮತ್ತು ಶನಿದೇವರಲ್ಲಿ ನನ್ನ ಪರವಾಗಿ ಎಂಟರ ಬದಲು ಏಳೂವರೆಗೆ ರಾಜಿ ಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಇಷ್ಟಾಗದಿದ್ದರೆ ತಮ್ಮನ್ನು ಮಿನಿವ್ಯಾನಿಗೆ ವರ್ಗ ಮಾಡಿಸುವುದು ನನಗೆ ಅನಿವಾರ್ಯವಾದೀತು. ಅಲ್ಲಿ ಏರಿಲ್ಲ, ಇಳಿವಿಲ್ಲ, ತಮ್ಮ ಮುಖ ನೋಡುವವರಂತೂ ಮೊದಲೇ ಇಲ್ಲ, ಬರೀ ಚಕ್ಕುಲಿಯ ಪುಡಿ, ಮಕ್ಕಳ ಗಡಿಬಿಡಿ.

ಸಾಕು, ಸಾಹೇಬರೇ. ಪ್ರಾಸ ಸಾಕು. ಹೆದರಿದವನು ನಾನು.

ಆ ಶನಿವಾರ ನಾನು ಸೋತಿದ್ದರೂ, ಸ್ವಿಚ್ಚನ್ನು ಎಂಟಕ್ಕೆ ಸರಿಸಿದ ಮೇಲೆ ಗುರುಕಿರಣ ಮರುಪಂದ್ಯಕ್ಕೆ ಒಪ್ಪಿದ. ಮುಂದಿನ ಶನಿವಾರ ಅದೇ ಏರಿನಲ್ಲಿ ತಾವು ಸರಿಯಾಗಿ, ಮೂರು ಸಾವಿರವೆಂದೇ ತೋರಿಸಿದಿರಿ. ಆದರೂ ನನ್ನ ಕಾಲು ಅಷ್ಟಕ್ಕೇ ಮೇಲೆದ್ದಿತು. ಆ ಇಂಜಿನ್ನಿನ ಗರ್ಜನೆ ನನಗೆ ಗ್ಯಾರೇಜಿನಲ್ಲಿ ಇಷ್ಟ, ರಸ್ತೆಯಲ್ಲಿ ಕಷ್ಟ. ಮಾಧುರಿ ನನ್ನ ಕಾಲನ್ನೇ ನೋಡುತ್ತಿದ್ದಳು. “ಬಾಜೂಕ ನಿಲ್ಲಸ್ರಿ,” ಎಂದಳು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಜಾಗ ಬದಲಿಸಿಕೊಂಡೆವು. ಗಿಲ್‌ರಾಯ್‌ನ ಬೆಳ್ಳುಳ್ಳಿ ವಾಸನೆ ನಮ್ಮ ಮೂಗಿಗೆ ಬಡಿದಾಗ ವ್ಯಾನು ಕನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಕಾರು ಮಾರುವುದಿಲ್ಲವಂತೆ. ಅದು ಈಗ ಅವಳದಂತೆ.

ಪಕ್ಕದ ಸೀಟಿನಿಂದ, ತಮ್ಮ ವಿಶ್ವಾಸಿಯೂ ಸಹೋದ್ಯೋಗಿಯೂ ಆದ,
ಅಡಿವೆಪ್ಪ

ವಿ.ಸೂ.: ತಮ್ಮ ಅಂಕಿಗಳನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುವ ಕೆಲಸ ಸದ್ಯ ನನ್ನದು. “ಅದೂ ಸುಮ್ನಿರ್ಲಿ, ನೀವೂ ಸುಮ್ನಿರ್ರಿ” ಎಂದು ನಿನ್ನೆ ಅಪ್ಪಣೆಯಾಗಿದೆ. ನನಗಿದು ರೂಢಿಯಿದೆ, ತಾವು ಹೊಸಬರು, ಬೇಗ ಕಲಿಯಿರಿ.