ಲಾಟೀನು ಹಿಡಿಯುವ ವಯಸ್ಸು

ಯಾವ ಕೆಲಸವನ್ನೂ ಯೋಜನೆ ಇಲ್ಲದೆ ಮಾಡಬಾರದು ಎಂಬುದು ನನ್ನ ನಿಲುವು. ಆದ್ದರಿಂದ ನವೆಂಬರ್ ಹನ್ನೊಂದರ ಸಂಜೆ, ಒಂದು ಕೈಯಲ್ಲಿ ಐದು ವರ್ಷದ ಆಧ್ಯಾಳನ್ನೂ ಇನ್ನೊಂದರಲ್ಲಿ ಕಾಗದದ ಲಾಟೀನನ್ನೂ ಹಿಡಿದು ಡೀಮೆನ್ ಎಂಬ ಡಚ್ ಊರಿನ ನಮ್ಮ ಫ್ಲಾಟಿನ ಉದ್ದ ವರಾಂಡದಲ್ಲಿ ಹೊರಟಾಗ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ನನಗೆ ಹದಿಮೂರು ವರ್ಷ. ಎತ್ತರ ಮಾತ್ರ ಸ್ವಲ್ಪ ಅವಸರಪಟ್ಟಿತ್ತು.

ಆ ದಿನ ಇಲ್ಲಿ ಸಿಂಟ್ ಮಾರ್ಟನ್ ಹಬ್ಬ. ಕತ್ತಲಾಗುತ್ತಿದ್ದಂತೆ ಮಕ್ಕಳು ಲಾಟೀನು ಹಿಡಿದು ಮನೆಮನೆಗೆ ಹೋಗಿ ಗಂಟೆ ಒತ್ತುತ್ತಾರೆ, ಹಾಡುತ್ತಾರೆ, ಮಿಠಾಯಿ ಇಸಿದುಕೊಳ್ಳುತ್ತಾರೆ. ಹ್ಯಾಲೋವೀನಿನ ಹಾಗೆಯೇ, ಆದರೆ ದೆವ್ವದ ವೇಷ ಬೇಕಿಲ್ಲ. ನನ್ನ ಮಟ್ಟಿಗೆ ಇದು ನಮ್ಮ ಮೈಸೂರಿನ ಗೊಂಬೆ ಹಬ್ಬವೇ. ದಸರಾ ಬಂತೆಂದರೆ ನಾವು ಬೀದಿಯ ಮಕ್ಕಳೆಲ್ಲ ಸೇರಿ ಮನೆಮನೆಯ ಬಾಗಿಲಲ್ಲಿ ನಿಂತು "ಗೊಂಬೆ ಕೂರ್ಸಿದ್ದೀರಾ?" ಎಂದು ಕೇಳುತ್ತಿದ್ದೆವು. ಒಳಗೆ ಕರೆಯುತ್ತಿದ್ದರು. ಗೊಂಬೆ ನೋಡಿ, ಒಂದು ಹಾಡು ಹೇಳಿದರೆ ಅಂಗೈಗೆ ಕೊಬ್ಬರಿ ಮಿಠಾಯಿಯೋ ಕೋಡುಬಳೆಯೋ ಬೀಳುತ್ತಿತ್ತು. ಯಾವ ದಿನ ಎಷ್ಟು ಮನೆ, ಏನೇನು ಸಿಕ್ಕಿತು ಎಂದು ನಾನು ಡೈರಿಯಲ್ಲಿ ದಿನಾಂಕ ಹಾಕಿ ಬರೆದಿಡುತ್ತಿದ್ದೆ. ನಾನು ಮುಂದೆ ಆಡಿಟರ್ ಆಗುತ್ತೇನೆಂದು ಅಪ್ಪ ಆಗಲೇ ಭಯಪಟ್ಟಿದ್ದರು.

ಅಪ್ಪನಿಗೆ ಇಲ್ಲಿ ಕೆಲಸ ಸಿಕ್ಕಿ ನಾವು ಬಂದದ್ದು ಒಂದು ಜನವರಿಯಲ್ಲಿ. ನನಗೆ ಆಗ ಹತ್ತು. ಶಾಲೆಯಲ್ಲಿ ಬ್ರಾಮ್ ಎಂಬ ಗೆಳೆಯ ಲಾಟೀನಿನ ಹಬ್ಬದ ಬಗ್ಗೆ ಹೇಳಿದ ದಿನದಿಂದ ನವೆಂಬರಿಗಾಗಿ ಕಾದೆ. ನವೆಂಬರ್ ಬಂತು. ಜೊತೆಗೆ ಚಿಕನ್ ಪಾಕ್ಸೂ ಬಂತು! ಮೈಗೆಲ್ಲ ಗುಲಾಬಿ ಬಣ್ಣದ ಲೋಷನ್ ಬಳಿದುಕೊಂಡು ಎರಡನೇ ಮಹಡಿಯ ಕಿಟಕಿಗೆ ಮೂಗು ಒತ್ತಿ ನಿಂತಿದ್ದೆ. ಕೆಳಗೆ ಸಣ್ಣ ಸಣ್ಣ ಬೆಳಕುಗಳು ಒಂದರ ಹಿಂದೆ ಒಂದು ಮೂಲೆ ತಿರುಗಿ ಹೋದವು. ಹಾಡು ಕೇಳಿಸುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ. ಮುಂದಿನ ವರ್ಷ ಹೋದರಾಯಿತು ಎಂದರು ಅಮ್ಮ. ಮುಂದಿನ ವರ್ಷದ ಹೊತ್ತಿಗೆ ನಾವು ಪ್ರೈಮರಿ ಮುಗಿಸಿ ದೊಡ್ಡ ಶಾಲೆ ಸೇರಿದ್ದೆವು. ಅದು ಚಿಕ್ಕವರ ಹಬ್ಬ ಎಂದು ಬ್ರಾಮ್ ಘೋಷಿಸಿಬಿಟ್ಟ. ಹೀಗೆ ಒಂದು ಬಾಗಿಲನ್ನೂ ತಟ್ಟದೆ ನಾನು ನಿವೃತ್ತನಾದೆ.

ಈ ಅನ್ಯಾಯವನ್ನು ಸರಿಪಡಿಸಲು, ಮಿಠಾಯಿಗೆ ಹೋಗುವುದನ್ನು ಯಾವ ವಯಸ್ಸಿಗೆ ನಿಲ್ಲಿಸಬೇಕು ಎಂಬ ವಿಷಯದಲ್ಲಿ ಈ ವರ್ಷ ಅಕ್ಟೋಬರಿನಲ್ಲಿ ಅಭಿಪ್ರಾಯ ಸಂಗ್ರಹ ಕೈಗೊಂಡೆ. ಪ್ರೈಮರಿ ಮುಗಿದರೆ ಮುಗಿಯಿತು ಎಂದ ಬ್ರಾಮ್. ಕೆಲಸ ಸಿಗುವವರೆಗೂ ಹೋಗಬಹುದು, ಸಿಕ್ಕಮೇಲೆ ಇನ್ನೂ ಚೆನ್ನಾಗಿ ಹಾಡಬೇಕಾಗುತ್ತದೆ ಎಂದರು ಅಪ್ಪ. ಅಮ್ಮ ಒಗ್ಗರಣೆಯಿಂದ ತಲೆ ಎತ್ತದೆ, "ಮೀಸೆ ಕಂಡ್ಮೇಲೆ ಇನ್ನೊಬ್ರ ಬಾಗ್ಲಲ್ಲಿ ನಿಂತ್ಕೋಬಾರ್ದು ಕಣೋ" ಎಂದರು. ಬಚ್ಚಲ ಕನ್ನಡಿಯಲ್ಲಿ ತಪಾಸಣೆ ಮಾಡಿದೆ. ತುಟಿಯ ಮೇಲೆ ಏನೋ ಇತ್ತು. ಡೈರಿಯಲ್ಲಿ 'ನೆರಳು' ಎಂದು ನಮೂದಿಸಿದೆ. ಪಕ್ಕದ ಫ್ಲಾಟಿನ ಶುಭಾ ಆಂಟಿ, ಅಂದರೆ ಆಧ್ಯಾಳ ಅಮ್ಮ, ಮಂಗಳೂರಿನವರು. "ಮಕ್ಕಳು ಮಕ್ಕಳೇ ಅಲ್ವಾ ಮಾರಾಯ, ಹೋಗಬಹುದು, ಎಂತ ಇದೆ ಅದ್ರಲ್ಲಿ?" ಎಂದರು.

ಕೊನೆಯದಾಗಿ ಮೂರನೇ ಮಹಡಿಯ ಡಚ್ ಅಜ್ಜಿಯನ್ನು ಕೇಳಿದೆ. ಅವರ ಸಾಮಾನಿನ ಚೀಲ ಮೇಲೆ ಹೊತ್ತುಕೊಟ್ಟು ಪರಿಚಯ. ಅವರು ವಯಸ್ಸೇ ಹೇಳಲಿಲ್ಲ. ಡ್ರೊಪ್ ರುಚಿ ಎನಿಸಿದ ದಿನ ನಿಲ್ಲಿಸಬೇಕು ಎಂದರು. ಡ್ರೊಪ್ ಎಂದರೆ ಈ ಊರಿನವರು ಚೀಪುವ ಕರಿ ಮಿಠಾಯಿ. ಮಿಠಾಯಿ ಎಂದು ಬಾಯಿಗೆ ಹಾಕಿಕೊಂಡರೆ ಉಪ್ಪು! ಮಕ್ಕಳು ಉಗಿಯುತ್ತಾರೆ, ದೊಡ್ಡವರು ಕಣ್ಣು ಮುಚ್ಚಿ ಸವಿಯುತ್ತಾರೆ. ನಾನು ಎರಡು ಸಲ ಉಗಿದಿದ್ದೇನೆ.

ಸಂಗ್ರಹವಾದ ಅಭಿಪ್ರಾಯಗಳಲ್ಲಿ ಅಪ್ಪನದು ಮತ್ತು ಶುಭಾ ಆಂಟಿಯದು ಅಂಗೀಕಾರಗೊಂಡವು. ಉಳಿದವುಗಳನ್ನು ತಾಂತ್ರಿಕ ಕಾರಣಗಳಿಂದ ತಿರಸ್ಕರಿಸಲಾಯಿತು.

ಆ ಸಂಜೆ ಶುಭಾ ಆಂಟಿಗೆ ಆಫೀಸಿನ ಮೀಟಿಂಗ್ ಇತ್ತು. ಆಧ್ಯಾಳನ್ನು ನಾನೇ ಕರೆದುಕೊಂಡು ಹೋಗುತ್ತೇನೆಂದು ಮುಂದೆ ಬಂದೆ. ಎಂಥ ಒಳ್ಳೆ ಹುಡುಗ ಎಂದು ಆಂಟಿ ಅಮ್ಮನ ಮುಂದೆ ಹೊಗಳಿದರು. ನನ್ನ ಜಾಕೆಟ್ಟಿನೊಳಗೆ ಮಡಿಸಿಟ್ಟಿದ್ದ ಬಟ್ಟೆ ಚೀಲ ಯಾರಿಗೂ ಕಾಣಲಿಲ್ಲ.

ಮೊದಲ ಬಾಗಿಲು. ಆಧ್ಯಾ ಹಾಡಿದಳು. ಬಾಗಿಲು ತೆರೆದ ಯುವತಿ ಅವಳ ಚೀಲಕ್ಕೆ ಒಂದು ಹಿಡಿ ಚಾಕೊಲೇಟ್ ಹಾಕಿದಳು. ನಾನು ನನ್ನ ಚೀಲ ಬಿಡಿಸಿದೆ. ಆಕೆ ತಲೆ ಎತ್ತಿ, ಇನ್ನೂ ಸ್ವಲ್ಪ ಎತ್ತಿ, ನನ್ನ ಮುಖವನ್ನು ತಲುಪಿ, ಬಹಳ ಗೌರವದಿಂದ ಕೇಳಿದಳು: ಚಳಿ ಇದೆ, ನಿಮಗೆ ಒಂದು ಕಾಫಿ ಕೊಡಲೇ?

ಮೀಸೆಯ ನೆರಳು ಕಾಫಿಯ ವಯಸ್ಸಿಗೆ ತಲುಪಿತ್ತು.

ಎರಡನೇ ಬಾಗಿಲಲ್ಲಿ ಯೋಜನೆ ಬದಲಿಸಿದೆ. ನಾನೇ ಮುಂದೆ ನಿಂತೆ. ನಾಯಿಯ ಕುತ್ತಿಗೆಪಟ್ಟಿ ಹಿಡಿದುಕೊಂಡು ಒಬ್ಬ ಬೋಳುತಲೆಯವರು ಬಂದರು. ನನ್ನ ಚೀಲ ನೋಡಿ, ಹಾಡಿದವರಿಗೆ ಮಾತ್ರ ಎಂದು ನಕ್ಕರು. ನಾನು ಕಾಯುತ್ತಿದ್ದದ್ದೂ ಅದನ್ನೇ. ಸಮಸ್ಯೆ ಏನೆಂದರೆ, ಹಾಡುವುದನ್ನು ನಾನು ಕಲಿತದ್ದು ಮೈಸೂರಿನಲ್ಲಿ, ಎದುರುಮನೆಯ ಪದ್ಮಾ ಆಂಟಿಯ ಗೊಂಬೆಗಳ ಮುಂದೆ. ಅಲ್ಲಿ ಚಪ್ಪಲಿ ಬಿಟ್ಟು ನಿಲ್ಲಬೇಕು. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹಾಡು ಪೂರ್ತಿ ಆಗಬೇಕು. "ಅರ್ಧಕ್ಕೆ ನಿಲ್ಸಿದ್ರೆ ಅರ್ಧ ಕೋಡುಬಳೆ" ಎಂದು ಪದ್ಮಾ ಆಂಟಿ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಈ ಊರಿನ ಮಕ್ಕಳು ನಾಲ್ಕು ಸಾಲು ಕೂಗಿ, ಸಿಕ್ಕಿದ್ದು ಬಾಚಿಕೊಂಡು ಓಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಕಿಟಕಿಯಿಂದ ಅದು ಗೊತ್ತಾಗುವುದಿಲ್ಲ.

ಶೂ ಬಿಚ್ಚಿದೆ. ಕಣ್ಣು ಮುಚ್ಚಿದೆ. ಹಾಡಿದೆ.

ಬಚ್ಚಲಲ್ಲಿ ಎರಡು ವಾರ ಅಭ್ಯಾಸ ಮಾಡಿದ್ದ ಹಾಡು. ಆದರೆ ಆ ಅಕ್ಟೋಬರಿನಿಂದ ನನ್ನ ಗಂಟಲಿನಲ್ಲಿ ಇಬ್ಬರು ವಾಸವಾಗಿದ್ದರು. ಮೊದಲ ಸಾಲನ್ನು ಒಬ್ಬ ಎತ್ತಿಕೊಂಡ, ಎರಡನೆಯದನ್ನು ಇನ್ನೊಬ್ಬ ಕೆಳಗೆ ಹಾಕಿದ. ನಾಯಿ ಜೊತೆಗೂಡಿತು. "ಅಣ್ಣ, ಸ್ಟಾಪ್" ಎಂದು ಆಧ್ಯಾ ಜಾಕೆಟ್ ಎಳೆದಳು. ನಿಲ್ಲಿಸುವುದೆಂದರೇನು? ಅರ್ಧ ಕೋಡುಬಳೆ! ಇನ್ನೂ ಮೂರು ಚರಣಗಳಿದ್ದವು. ಎಲ್ಲವನ್ನೂ ಹಾಡಿದೆ. ಮೂರು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಹಾಡು. ನಡುವೆ ಒಂದೆರಡು ಸಾಲು ನಿಜವಾಗಿಯೂ ಚೆನ್ನಾಗಿ ಬಂದವು ಎಂದು ನಾನು ಇಂದಿಗೂ ನಂಬಿದ್ದೇನೆ.

ಕಣ್ಣು ತೆರೆದಾಗ ಪರಿಸ್ಥಿತಿ ಹೀಗಿತ್ತು. ಬೋಳುತಲೆಯವರು ಹೆಂಡತಿಯನ್ನೂ ಕರೆತಂದು ನಿಲ್ಲಿಸಿಕೊಂಡಿದ್ದರು. ನನ್ನ ಹಿಂದೆ ಲಾಟೀನು ಹಿಡಿದ ಪುಟ್ಟ ಮಕ್ಕಳ ಸಾಲು ಬೆಳೆದಿತ್ತು. ನನ್ನ ಎಡಗಾಲಿನ ಶೂ ನಾಯಿಯ ಬಾಯಲ್ಲಿ, ಮನೆಯೊಳಗೆ ಹೋಗುತ್ತಿತ್ತು. ಆಧ್ಯಾ ಇರಲಿಲ್ಲ.

ನಮ್ಮ ಕಡೆಯ ಎಲ್ಲ ದೇವರ ಹೆಸರೂ ಒಟ್ಟಿಗೆ ಬಾಯಿಗೆ ಬಂತು. ಮಿಠಾಯಿ, ಶೂ, ಮಾನ ಎಲ್ಲ ಅಲ್ಲೇ ಬಿಟ್ಟು, ಉಳಿದ ಶೂಗೆ ಒಂದು ಕಾಲು ತೂರಿಸಿ, ಇನ್ನೊಂದು ಕಾಲು ಬರೀ ಕಾಲುಚೀಲದಲ್ಲೇ ಓಡಿದೆ. ವರಾಂಡದ ಕೊನೆಯಲ್ಲಿ ಒಬ್ಬ ತಾಯಿ ಮೇಲಕ್ಕೆ ಕೈ ತೋರಿಸಿದಳು. ಒಂದು ಪುಟ್ಟ ಹುಡುಗಿ ಬೇರೆ ಮಕ್ಕಳೊಂದಿಗೆ ಮೆಟ್ಟಿಲು ಹತ್ತಿದಳಂತೆ.

ಮೂರನೇ ಮಹಡಿಯಲ್ಲಿ ಡಚ್ ಅಜ್ಜಿಯ ಬಾಗಿಲು ತೆರೆದಿತ್ತು. ಆಧ್ಯಾ ಅವರ ಕುರ್ಚಿಯ ಪಕ್ಕ ನಿಂತು ಕಿತ್ತಳೆ ಸುಲಿಯುತ್ತ, ಅಚ್ಚ ಡಚ್ಚಿನಲ್ಲಿ ನನ್ನ ಜೀವನ ಚರಿತ್ರೆ ಹೇಳುತ್ತಿದ್ದಳು. ಅವನಿಗೆ ಹದಿಮೂರು, ಅವನು ಒಂದು ಸಲವೂ ಹೋಗಿಲ್ಲ, ಅವನ ಹತ್ತಿರ ಗುಟ್ಟಾಗಿ ಒಂದು ಚೀಲ ಇದೆ, ಅವನು ಹಾಡಿದರೆ ಕಿವಿ ನೋಯುತ್ತದೆ. ಅಜ್ಜಿ ನನ್ನ ಕಾಲು ನೋಡಿದರು. "ನೀನು ಹುಡುಕ್ತಿರೋದು ಮಗುವನ್ನೋ ಶೂವನ್ನೋ?" ಎಂದರು. ಎರಡನ್ನೂ ಎಂದೆ.

ಅವರು ಪಕ್ಕದ ಬುಟ್ಟಿಯನ್ನು ನನ್ನ ಕಡೆ ಚಾಚಿದರು. ತುಂಬ ಕಿತ್ತಳೆ, ಚಾಕೊಲೇಟ್, ಬಣ್ಣದ ಮಿಠಾಯಿ. ಈ ದೇಶದಲ್ಲಿ ಕೊನೆಗೂ ಒಬ್ಬರು! ಚೀಲ ಬಿಡಿಸಿ ಕೈ ಹಾಕಿದೆ.

"ಅಲ್ಲ ಮಗ," ಎಂದರು ಅಜ್ಜಿ. "ಬುಟ್ಟಿ ಹಿಡ್ಕೋ. ಪ್ರತಿ ಸಲ ಏಳೋಕೆ ನನ್ನ ಮಂಡಿ ಬಿಡಲ್ಲ. ನೀನು ಬಾಗಿಲಲ್ಲಿ ನಿಂತು ಕೊಡು."

ಬಾಗಿಲಲ್ಲಿ ನಿಂತೆ. ಒಳಗಡೆಯಿಂದ.

ಮಕ್ಕಳು ಬಂದರು. ಮೊದಲ ಸಲ ಅವರ ಮುಖ ನೋಡಿದೆ. ಲಾಟೀನು ಎದೆಯ ಹತ್ತಿರ ಇರುವುದರಿಂದ ಬೆಳಕು ಕೆಳಗಿನಿಂದ ಬೀಳುತ್ತದೆ, ಗಲ್ಲ, ಮೂಗಿನ ತುದಿ, ಬಿದ್ದ ಹಲ್ಲಿನ ಸಂದು ಎಲ್ಲ ಹೊಳೆಯುತ್ತವೆ. ಎಲ್ಲರ ಕಣ್ಣೂ ಬುಟ್ಟಿಯ ಮೇಲೆ. ಮೈಸೂರಿನಲ್ಲಿ ಪದ್ಮಾ ಆಂಟಿಗೆ ನಾವೂ ಹೀಗೇ ಕಂಡಿರಬೇಕು. ಒಂದು ಗುಂಪು ನಾಲ್ಕು ಸಾಲಿಗೇ ಹಾಡು ನಿಲ್ಲಿಸಿ ಕೈ ಚಾಚಿತು. ನನಗೆ ಅರಿವಿಲ್ಲದೆ ಬುಟ್ಟಿ ಹಿಂದಕ್ಕೆ ಎಳೆದುಕೊಂಡೆ. ಪೂರ್ತಿ ಹಾಡಿ ಎಂದೆ! ಒಳಗೆ ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. ಪಾಪ, ಮಕ್ಕಳು ಪೂರ್ತಿ ಹಾಡಿದವು. ಎಲ್ಲರಿಗಿಂತ ಚಿಕ್ಕವನು ಕಿತ್ತಳೆ ತೆಗೆದುಕೊಂಡು, ತಲೆ ಪೂರಾ ಹಿಂದಕ್ಕೆ ಬಾಗಿಸಿ ನನ್ನನ್ನು ನೋಡಿ, ಥ್ಯಾಂಕ್ಸ್ ಮೆನೀರ್ ಎಂದ. ಮೆನೀರ್ ಎಂದರೆ ನಮ್ಮಲ್ಲಿ ಅಂಕಲ್ ಎನ್ನುವ ಹಾಗೆ. ನಾವು ನಮ್ಮ ಗಣಿತದ ಮೇಷ್ಟ್ರನ್ನು ಮೆನೀರ್ ಎನ್ನುತ್ತೇವೆ.

ಬುಟ್ಟಿ ಖಾಲಿಯಾಗುವ ಹೊತ್ತಿಗೆ ಬೋಳುತಲೆಯವರು ಹುಡುಕಿಕೊಂಡು ಬಂದು ಶೂ ಕೊಟ್ಟರು. ಹಿಮ್ಮಡಿಯಲ್ಲಿ ಹಲ್ಲಿನ ಗುರುತುಗಳಿದ್ದವು. ನಾಯಿಗೆ ಹಾಡು ಬಹಳ ಹಿಡಿಸಿತೆಂದು ಕ್ಷಮೆ ಕೇಳಿದರು.

ಆಧ್ಯಾಳ ಕೈ ಬಿಡದೆ ಮನೆಗೆ ಬಂದೆ. ಬಾಗಿಲಲ್ಲಿ ಅಮ್ಮ, ಬಂದ ಮಕ್ಕಳಿಗೆಲ್ಲ ಮಿಠಾಯಿ ಹಂಚಿ ಬರಿದಾದ ಸ್ಟೀಲ್ ಡಬರಿ ಹಿಡಿದು ನಿಂತಿದ್ದರು.

"ಈಗ ಬಂದ್ಯಾ? ಎಲ್ಲಾ ಖಾಲಿ ಆಯ್ತಲ್ಲೋ. ಸ್ವಲ್ಪ ಮುಂಚೆ ಬರ್ಬೇಕಿತ್ತು."

"ಹೌದಮ್ಮ," ಎಂದೆ. "ಒಂದು ಮೂರು ವರ್ಷ ಮುಂಚೆ."

ಅಮ್ಮ ನನ್ನ ಮುಖ ನೋಡಿದರು, ಚೀಲ ನೋಡಿದರು, ನನ್ನ ತಲೆಗೂದಲು ಒಮ್ಮೆ ಕೆದರಿ ಒಳಗೆ ಹೋದರು. ಹಾಗೆ ಮಾಡಲು ಅವರು ಈಗ ಕೈ ಎತ್ತಬೇಕಾಗುತ್ತದೆ.

ಶುಭಾ ಆಂಟಿ ಬರುವವರೆಗೆ ಆಧ್ಯಾ ನಮ್ಮ ಸೋಫಾದ ಮೇಲೆ ತನ್ನ ಚೀಲ ಸುರಿದುಕೊಂಡು ವಿಂಗಡಿಸಿದಳು. ನಾನು ಪಕ್ಕದಲ್ಲಿ ಡೈರಿ ತೆರೆದು ಬರೆಯುತ್ತಿದ್ದೆ. ಹಾಡಿದ ಬಾಗಿಲು, ಒಂದು. ಗಳಿಕೆ, ಇಲ್ಲ. ಅವಳು ಇಣುಕಿದಳು. ಓದಲು ಬರದಿದ್ದರೂ ಏನೋ ಅರ್ಥವಾಗಿರಬೇಕು. ಬಹಳ ಯೋಚಿಸಿ, ಒಂದು ಬದಿಗೆ ತಳ್ಳಿದ್ದ ಕರಿ ಮಿಠಾಯಿಗಳ ಗುಡ್ಡೆಯಿಂದ ಒಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. "ನಂಗೆ ಇದು ಯಕ್. ನೀನು ತಗೋ ಅಣ್ಣ."

ಡ್ರೊಪ್. ಮೂರು ವರ್ಷ ಕಾದದ್ದಕ್ಕೆ ಬಂದ ಮೊದಲ ಮಿಠಾಯಿ. ಉಗಿದರೆ ಅವಳಿಗೆ ಬೇಜಾರಾದೀತು ಎಂದು ಬಾಯಿಗೆ ಹಾಕಿಕೊಂಡೆ. ಉಪ್ಪು ನಾಲಿಗೆಗೆ ತಾಗಿತು. ಕಾದೆ. ಹಿಂದಿನಿಂದ ಏನೋ ಸಿಹಿ ಮೆಲ್ಲಗೆ ಬಂತು. ಕಣ್ಣು ಮುಚ್ಚಿಕೊಂಡಿದ್ದೇನೆಂದು ಆಮೇಲೆ ಗೊತ್ತಾಯಿತು.

ಮೂರನೇ ಮಹಡಿಯ ಅಜ್ಜಿಯ ಅಭಿಪ್ರಾಯವನ್ನು ತಿರಸ್ಕರಿಸಿದ್ದ ಪುಟಕ್ಕೆ ಹಿಂತಿರುಗಿ, ಅದರ ಮುಂದೆ ಇವತ್ತಿನ ದಿನಾಂಕ ಹಾಕಿದೆ. ಆಮೇಲೆ ಆಧ್ಯಾಳ ಕಡೆ ತಿರುಗಿ ಇನ್ನೊಂದು ಇದೆಯಾ ಎಂದು ಕೇಳಿದೆ.