ಮೂರು ಪರದೆಗಳ ಬಾಡಿಗೆ

ಇನ್ನೊಬ್ಬರ ಬಾಗಿಲೊಳಗೆ ಇಣುಕಿ ನೋಡುವ ಅಭ್ಯಾಸ ನನಗಿಲ್ಲ. ಇದನ್ನು ಜನ ಸಂಸ್ಕಾರ ಎನ್ನುತ್ತಾರೆ. ಹೈದರಾಬಾದಿಗೆ ಹೋಗಿ ಬಿ.ಎ. ಮಾಡಿ ಬಂದವಳೆಂಬ ಕಾರಣಕ್ಕೆ ನನ್ನ ಒಂದೊಂದು ಪುಕ್ಕಲುತನಕ್ಕೂ ಜನರೇ ಒಳ್ಳೆಯ ಹೆಸರು ಹುಡುಕಿ ಇಟ್ಟಿದ್ದಾರೆ. ಅಂಗಡಿಯಲ್ಲಿ ಚೌಕಾಸಿ ಮಾಡದಿದ್ದರೆ ಗಾಂಭೀರ್ಯ, ನೆರೆಯವರನ್ನು ಮಾತಾಡಿಸದಿದ್ದರೆ ಮರ್ಯಾದೆ. ಇಂಥ ಮರ್ಯಾದೆಯಿಂದಾಗಿ ನಾನು ಬೀದರಿನ ಒಂದು ಓಣಿಯಲ್ಲಿ ಆರು ತಿಂಗಳು, ಇಲ್ಲದೇ ಇದ್ದ ನೆರೆಹೊರೆಯವರೊಂದಿಗೆ ಬಹಳ ಅನ್ಯೋನ್ಯವಾಗಿ ಬಾಳಿದೆ.

ನಿಜಾಮರ ರಾಜ್ಯದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ನನಗೆ ಹೆಣ್ಣುಮಕ್ಕಳ ಸರಕಾರಿ ಶಾಲೆಯಲ್ಲಿ ಭೂಗೋಳ ಕಲಿಸುವ ಕೆಲಸ ಸಿಕ್ಕಿತು. ಊರಿನಲ್ಲಿ ಎಲ್ಲಿ ನೋಡಿದರೂ ಬಾಡಿಗೆಯದೇ ಮಾತು. ಕೋಟೆಯ ಕಡೆಯ ಹಳೆಯ ಓಣಿಗಳಲ್ಲಿ ಮನೆ ಬಿಟ್ಟು ಹೋದವರೇ ಹೆಚ್ಚು. ಕೆಲವರು ಹೈದರಾಬಾದಿಗೆ ಹೋಗಿದ್ದರು, ಕೆಲವರು ಎಲ್ಲಿಗೆಂದು ಹೇಳದೆ ಹೋಗಿದ್ದರು. ಹೇಳದೆ ಹೋದವರ ವಿಷಯ ಬಂದಾಗ ಜನ ದನಿ ತಗ್ಗಿಸುತ್ತಿದ್ದರು. ಹೀಗಾಗಿ ಆನೆ ಹೊಗುವಂಥ ದೊಡ್ಡ ಬಾಗಿಲಿನ ಮನೆಗಳು ಹತ್ತು ರೂಪಾಯಿಗೆ ಸಿಗುತ್ತಿದ್ದವು. ಅದೇ ನಮ್ಮ ಭಾಲ್ಕಿಯಲ್ಲಿ ಸ್ಟೇಷನ್ನಿನ ಹತ್ತಿರ, ರೈಲು ಹೋದಾಗಲೆಲ್ಲ ಗಡಿಗೆ ನಡುಗುವ ಒಂದು ಕೋಣೆಗೆ ಹನ್ನೆರಡು. ಹಳ್ಳಿಗಳಿಂದ ಬಂದವರೆಲ್ಲ ಅಲ್ಲೇ ನೆಲೆಸಲು ನೋಡುತ್ತಿದ್ದರು. ಇನ್ನು ಔರಾದಿನಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಅಲ್ಲಿ ಬಾಡಿಗೆ ಕೇಳಿದರೆ ಜನ ನಗುತ್ತಾರೆ. ಖಾಲಿ ಮನೆಯಲ್ಲಿ ಯಾರಾದರೂ ಇದ್ದು, ಕಸ ಗುಡಿಸಿ, ಸಂಜೆ ದೀಪ ಹಚ್ಚಿದರೆ ಸಾಕು, ಮನೆಯೊಡೆಯನೇ ಕೈ ಮುಗಿಯುತ್ತಾನೆ. ಒಂದೇ ಜಿಲ್ಲೆಯೊಳಗೆ ಗೋಡೆಗಳ ಬೆಲೆ ಹೀಗೆ ಮೂರು ತೆರನಾಗಿರುವುದು ಯಾವ ಭೂಗೋಳದ ಪುಸ್ತಕದಲ್ಲೂ ಇರಲಿಲ್ಲ.

ನಾನು ಹಿಡಿದ ಮನೆ ಮೆಹಬೂಬ್ ಬೀ ಎಂಬ ವೃದ್ಧೆಯದು. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ. ಅರ್ಧ ಮನೆಯಲ್ಲಿ ಅವರು, ಅರ್ಧದಲ್ಲಿ ನಾನು. ತಿಂಗಳಿಗೆ ಹದಿನೈದು ರೂಪಾಯಿ, ಇನ್ನೂ ಚಲಾವಣೆಯಲ್ಲಿದ್ದ ನಿಜಾಮರ ಹಾಲಿ ನಾಣ್ಯದಲ್ಲಿ. "ಹೆಚ್ಚಾತೇನು, ಬೇಟಿ?" ಎಂದು ಅವರೇ ಕೇಳಿದಾಗ ನಾನು ಇಲ್ಲವೆಂದೆ. ಓಣಿಯಲ್ಲಿ ನಮ್ಮದನ್ನು ಬಿಟ್ಟರೆ ಇನ್ನು ಮೂರೇ ಮನೆ. ಮೂರರ ಬಾಗಿಲಿಗೂ ಪರದೆ ಇತ್ತು. ಪರದೆ ಇದೆಯೆಂದರೆ ಒಳಗೆ ಹೆಣ್ಣುಮಕ್ಕಳಿದ್ದಾರೆಂದು ಅರ್ಥ. ಇದು ಬೀದರಿನಲ್ಲಿ ಹಸುಗೂಸಿಗೂ ಗೊತ್ತು. ನಾನು ಸೆರಗು ಸರಿ ಮಾಡಿಕೊಂಡು, ತಲೆ ತಗ್ಗಿಸಿ ಅವುಗಳ ಮುಂದೆ ಹಾದುಹೋಗುತ್ತಿದ್ದೆ.

ಆದರೆ ತಲೆ ತಗ್ಗಿಸಿದವರ ಕಲ್ಪನೆಗೆ ಅಂಕೆಯಿಲ್ಲ. ಮೊದಲ ಮನೆಯದು ನೀಲಿ ಪರದೆ. ಮಧ್ಯಾಹ್ನದ ಗಾಳಿಗೆ ಅದು ನಿಧಾನವಾಗಿ ಉಬ್ಬಿ ಇಳಿಯುವಾಗ, ಒಳಗೆ ಹೊಸದಾಗಿ ಮದುವೆಯಾದವಳೊಬ್ಬಳು ಮಲಗಿ ನಿಟ್ಟುಸಿರು ಬಿಡುತ್ತಿದ್ದಾಳೆಂದು ನನಗೆ ಅನ್ನಿಸುತ್ತಿತ್ತು. ಎರಡನೆಯದು ಗೋಣಿತಟ್ಟಿನದು. ಅಲ್ಲಿ ಒಬ್ಬ ಮುದಿ ಹಕೀಮರನ್ನು ಕೂರಿಸಿದ್ದೆ. ಅವರು ಔಷಧದ ಪುಸ್ತಕ ಓದುತ್ತಲೇ ನಿದ್ದೆ ಹೋಗುತ್ತಿದ್ದರು. ಮೂರನೆಯದು ಹೂವಿನ ಚಾದರದಲ್ಲಿ ಹೊಲಿದದ್ದು. ಅಲ್ಲಿ ಮೂವರು ಹುಡುಗಿಯರು, ಮೂವರೂ ಮಾತು ಕಡಿಮೆ. ಶಾಲೆಯಲ್ಲಿ ನಲವತ್ತು ಹುಡುಗಿಯರ ಗದ್ದಲ ಕೇಳಿ ಬಂದವಳಿಗೆ ಆ ಮೂವರ ಮೇಲೆ ವಿಶೇಷ ಪ್ರೀತಿ. ಯುಗಾದಿಗೆ ಹೋಳಿಗೆ ಮಾಡಿದಾಗ ಮೂರು ತಾಟು ಮುಚ್ಚಿ, ಮೂರು ಹೊಸ್ತಿಲ ಮೇಲೆ, ಪರದೆಯ ಕೆಳಗಿನಿಂದ ಮೆಲ್ಲಗೆ ಒಳಗೆ ಸರಿಸಿ ಬಂದೆ. ಸಂಜೆ ಮೂರೂ ತಾಟು ತೊಳೆದು ನನ್ನ ಬಾಗಿಲಲ್ಲಿದ್ದವು, ಒಂದೊಂದರಲ್ಲೂ ಒಂದು ಹಿಡಿ ಬಾದಾಮಿ. ಎಂಥ ಜನ! ಭಾಲ್ಕಿಗೆ ಅಪ್ಪನಿಗೆ ಕಾಗದ ಬರೆದೆ: "ನೆರೆಯವರು ಎಷ್ಟು ಸಭ್ಯರೆಂದರೆ ಅವರ ದನಿಯೇ ಕೇಳಿಸುವುದಿಲ್ಲ."

ಅಪ್ಪ ಭಾಲ್ಕಿಯಲ್ಲಿ ಬೇಳೆಕಾಳಿನ ವ್ಯಾಪಾರಿ. ಸಭ್ಯತೆಯ ಮಾತು ಅವರಿಗೆ ತಾಗಲಿಲ್ಲ, ಹದಿನೈದು ರೂಪಾಯಿ ತಾಗಿತು. "ಬೀದರದಾಗ ಬಾಡಗಿ ಮಣ್ಣ ಪಾಲಾಗ್ಯದ ಅಂತ ಎಲ್ಲಾರೂ ಅಂತಾರ. ನಿನಗೊಬ್ಬಾಕಿಗೆ ಹದಿನೈದು ಹ್ಯಾಂಗ? ಐತವಾರ ಬರ್ತೇನಿ. ಎಂಟಕ್ಕ ಇಳಸ್ತೇನಿ, ಇಲ್ಲಾ ಬ್ಯಾರೆ ಮನಿ ನೋಡ್ತೇನಿ" ಎಂದು ಉತ್ತರ ಬಂತು.

ಕಾಗದ ಬಂದ ದಿನವೇ ಜೋರು ಗಾಳಿ ಎದ್ದಿತು. ಶಾಲೆಯಿಂದ ಬರುತ್ತಿದ್ದೆ. ನೀಲಿ ಪರದೆ ಒಮ್ಮೆಲೇ ಮೇಲಕ್ಕೆ ಹಾರಿ ಚೌಕಟ್ಟಿನ ಮೊಳೆಗೆ ಸಿಕ್ಕಿಕೊಂಡಿತು. ನನ್ನ ಹೊಸ ಮದುಮಗಳು ಇರಬೇಕಾದ ಜಾಗದಲ್ಲಿ ಮುಚ್ಚಿದ ಬಾಗಿಲಿತ್ತು, ಬಾಗಿಲಿಗೆ ಅಂಗೈಯಗಲದ ತುಕ್ಕು ಹಿಡಿದ ಬೀಗ. ಜೀವನದಲ್ಲಿ ಮೊದಲ ಸಲ ನಾನೇ ಕೈಚಾಚಿ ಉಳಿದ ಎರಡು ಪರದೆ ಸರಿಸಿದೆ. ಬೀಗ. ಬೀಗ. ಹಕೀಮರೂ ಇಲ್ಲ, ಆ ಮೂವರು ಹುಡುಗಿಯರೂ ಇಲ್ಲ. ಮನೆಗೆ ಬಂದರೆ ಖಾಲಾ ಅಂಗಳದಲ್ಲಿ ಇನ್ನೊಂದು ಪರದೆ ಹೊಲಿಯುತ್ತ ಕುಳಿತಿದ್ದರು.

"ಗೊತ್ತಾತೇನು?" ಅಂದರು, ಸೂಜಿ ನಿಲ್ಲಿಸದೆ. "ಹೋಗೂವಾಗ ಮೂರೂ ಮಂದಿ ಕೀಲಿ ನನ್ನ ಕೈಯಾಗ ಕೊಟ್ಟ ಹೋದ್ರು. ಓಣಿ ಖಾಲಿ ಅಂದ್ರ ನನ್ನ ಮನಿಗಿ ಯಾರ ಬರ್ತಾರ? ದಲಾಲ ಮೂರ ಸರ್ತಿ ಬಂದ. ಒಂದೊಂದ ಮನಿ ಖಾಲಿ ಆದಾಂಗ ನನ್ನ ಮನಿ ಕಿಮ್ಮತ್ತ ಒಂದೊಂದ ಪಾವಣಿಗಿ ಕೆಳಗ ಇಳಿಸಿದ. ಹೈದರಾಬಾದದಾಗ ಅಳಿಯಾ ಅದಾನ. 'ಬಾಡಗಿ ಬರೂತನಕ ಇರ್ರಿ ಅಮ್ಮಾ, ಬಾಡಗಿ ಇಳೀತಂದ್ರ ಮನಿ ಮಾರಿ ಇಲ್ಲಿಗಿ ಬರ್ರಿ' ಅಂತಾನ. ನಾ ಅಲ್ಲಿಗಿ ಹೋಗಿ ಅವರ ಮಾಳಗಿ ಮ್ಯಾಲ ಕುಂತು ಏನ್ ಮಾಡ್ಲಿ? ನನ್ನ ಬಾವಿ ಇಲ್ಲೇ ಅದ."

"ಹೋಳಿಗೆ?" ಎಂದು ಕೇಳಿದೆ. ಅದು ಆಗ ಕೇಳುವ ಪ್ರಶ್ನೆಯಲ್ಲವೆಂದು ನನಗೂ ಗೊತ್ತಿತ್ತು.

"ಛಂದ ಇದ್ವು. ನಾಕ ದಿನ ತಿಂದೆ." ದಾರ ಕಡಿದು, "ಬಾಡಗಿ ಸಲುವಾಗಿ ಅಷ್ಟ ಅಲ್ಲ, ಬೇಟಿ. ಬೀಗಾ ನೋಡಿದ್ರ ನನ್ನ ಕೈಲೆ ಆಗಂಗಿಲ್ಲ. ಪರದಾ ಇದ್ರ ಒಳಗ ಅದಾರ ಅಂತ ಅನಸ್ತದ" ಎಂದರು.

ಅಪ್ಪ ಐತವಾರ ಬರುವ ಸಂಗತಿ ಹೇಳಿದೆ. ಎಂಟು ರೂಪಾಯಿಯಾದರೆ ಅಳಿಯ ಬಂದು ಬೀಗ ಹಾಕುವುದು ಖಂಡಿತ. ಖಾಲಾ ಯೋಚಿಸಿ, ಗೋಣಿತಟ್ಟಿನ ಮನೆಯ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. "ನೀ ಹಿತ್ತಲದಿಂದ ಅದರಾಗ ಹೋಗು. ಒಂದೀಟ ಸಪ್ಪಳಾ ಮಾಡು. ಅಪ್ಪಾಜಿಗಿ ಓಣಿ ತುಂಬೇದ ಅಂತ ಗೊತ್ತಾಗ್ಲಿ. ನಾ ಮಾತಾಡ್ತೇನಿ."

ಮಕ್ಕಳ ಉತ್ತರದಲ್ಲಿ ನದಿಯ ಉಗಮ ಒಂದು ತಾಲೂಕು ಆಚೆಯಾದರೂ ಕೆಂಪು ಗೆರೆ ಎಳೆಯುವವಳು ನಾನು. ಆ ನಾನು ಐತವಾರ ಬೆಳಿಗ್ಗೆ ಒಂದು ಖಾಲಿ ಮನೆಯಲ್ಲಿ, ಬಿದ್ದಿದ್ದ ಒರಳಿಗೆ ಒನಕೆ ಕುಟ್ಟುತ್ತ ನಿಂತಿದ್ದೆ. ಕಿಟಕಿಯ ಸಂದಿನಿಂದ ಒಂದು ಬಿಸಿಲಿನ ಕೋಲು ಬಿದ್ದು ಅದರಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಗೋಡೆಯ ಮೇಲೆ ಯಾರೋ ಮಗುವಿನ ಎತ್ತರವನ್ನು ಇದ್ದಿಲಿನಿಂದ ವರ್ಷವರ್ಷ ಗುರುತಿಸಿದ್ದರು. ಗೆರೆಗಳು ನನ್ನ ಸೊಂಟದವರೆಗೆ ಬಂದು ನಿಂತಿದ್ದವು. ಅದನ್ನು ನೋಡುತ್ತ ಕುಟ್ಟುವುದನ್ನೇ ಮರೆತೆ. ಪಕ್ಕದಲ್ಲಿ ಅಪ್ಪನ ದನಿ ಏರಿದಾಗ ಎಚ್ಚರವಾಗಿ, ಗಾಬರಿಯಲ್ಲಿ ಗಂಡಸರಂತೆ ಕೆಮ್ಮಿದೆ. ಚೆನ್ನಾಗಿ ಬಂತು. ಇನ್ನೂ ನಾಲ್ಕು ಸಲ ಕೆಮ್ಮಿದೆ.

ಗೋಡೆಯಾಚೆ ಅಪ್ಪ ಅಂದದ್ದು ಸ್ಪಷ್ಟವಾಗಿ ಕೇಳಿಸಿತು: "ಯಾರ್ರೀ ಅಂವಾ? ಕ್ಷಯ ಅದರಿ ಅದು! ಇಂಥಾ ರೋಗಿ ಮಗ್ಗಲಾಗ ನಮ್ಮ ಹುಡಗೀನ್ನ ಇಟ್ಟೀರಿ? ಎಂಟಲ್ಲ, ಪುಕ್ಕಟ ಕೊಟ್ರೂ ಬ್ಯಾಡ. ಇವತ್ತ ಸಾಮಾನ ಕಟ್ಟಸ್ತೇನಿ."

ನಾನು ಓಡಿ ಬಂದೆ. ತಲೆಯ ತುಂಬ ಜೇಡರ ಬಲೆ. "ಅಪ್ಪಾ, ಆ ರೋಗಿ ನಾನೇ."

ಅಪ್ಪ ನನ್ನನ್ನೂ ಖಾಲಾರನ್ನೂ ನೋಡಿದರು. ಎದ್ದು ಓಣಿಗೆ ಹೋಗಿ ಒಂದೊಂದೇ ಪರದೆ ಎತ್ತಿ ನೋಡಿ ಬಂದರು. ಬಂದು ಕಟ್ಟೆಯ ಮೇಲೆ ಕುಳಿತು, ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಖಾಲಾ ತಲೆಯ ಮೇಲಿನ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು.

"ಅಂಗಡಿಗಿ ಗಿರಾಕಿ ಬರದಾಗ," ಎಂದು ಅಪ್ಪ ಕೊನೆಗೆ ಶುರುಮಾಡಿದರು, "ನಾನೂ ಅದೇ ತೊಗರಿಬ್ಯಾಳಿ ಒಂದ ಚೀಲದಿಂದ ಇನ್ನೊಂದ ಚೀಲಕ್ಕ ತೂಗಿ ಹಾಕ್ತೇನಿ. ಹಾದಿ ಮ್ಯಾಲಿನ ಮಂದಿ ವ್ಯಾಪಾರ ನಡದದ ಅಂತ ತಿಳಕೊಂಡು ಒಳಗ ಬರ್ತಾರ." ಖಾಲಾರ ಕಡೆ ತಿರುಗಿ, "ಹದಿನೈದ ಇರ್ಲಿ, ಬೀ ಸಾಹೇಬ್. ಆದ್ರ ಇನ್ನ ಮ್ಯಾಲ ಈಕೀಗಿ ಕೆಮ್ಮಾಕ ಹಚ್ಚಬ್ಯಾಡ್ರಿ. ಕೆಲಸಾ ಕೆಡಸ್ತಾಳ" ಎಂದರು. ಖಾಲಾ ಆ ದಿನ ಮೊದಲ ಸಲ ನಕ್ಕರು. ಹೋಗುವಾಗ ಅಪ್ಪ, ತಾವು ಎತ್ತಿದಾಗ ಮತ್ತೆ ಮೊಳೆಗೆ ಸಿಕ್ಕಿದ್ದ ನೀಲಿ ಪರದೆಯನ್ನು ಬಿಡಿಸಿ, ಎಳೆದು ಸರಿಮಾಡಿ ಹೋದರು.

ಆಶ್ಚರ್ಯವೆಂದರೆ ಅಪ್ಪನ ತಕ್ಕಡಿಯ ಲೆಕ್ಕ ನಮ್ಮ ಓಣಿಯಲ್ಲೂ ನಡೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಔರಾದಿನಿಂದ ವರ್ಗವಾಗಿ ಬಂದ ಕಚೇರಿಯ ಗುಮಾಸ್ತರೊಬ್ಬರು, ಊರಿನ ಖಾಲಿ ಓಣಿಗಳನ್ನೆಲ್ಲ ಬಿಟ್ಟು, "ಇಲ್ಲಿ ಮಂದಿ ಅದಾರ, ಇಲ್ಲೇ ಎಲ್ಯಾರ ಒಂದ ಮನಿ ಬಿಡಿಸಿ ಕೊಡ್ರಿ" ಎಂದು ಖಾಲಾರ ಬೆನ್ನು ಹತ್ತಿದರು. ಖಾಲಾ ಒಡೆಯರಿಗೆ ಕಾಗದ ಬರೆಸಿ ನೀಲಿ ಪರದೆಯ ಮನೆ ತೆರೆಸಿದರು. ಆಮೇಲೆ ಎರಡನೆಯದು, ದೀಪಾವಳಿಯ ಹೊತ್ತಿಗೆ ಮೂರನೆಯದು. ಈಗ ಓಣಿಯಲ್ಲಿ ಏಳು ಮಕ್ಕಳು, ಎರಡು ಎಮ್ಮೆ, ಒಂದು ಹಾರ್ಮೋನಿಯಂ. ನನ್ನ ಹಕೀಮರಿಗೆ ಕೂರಲು ಜಾಗವಿಲ್ಲ. ಅಳಿಯ ಮಾರುವ ಮಾತು ಎತ್ತಿಲ್ಲ. ಹೋದ ತಿಂಗಳು ಖಾಲಾ ಬಹಳ ಸಂಕೋಚದಿಂದ, "ಓಣಿ ಭಾವ ಏರ್ಯದ ಬೇಟಿ, ಎರಡ ರೂಪಾಯಿ ಮ್ಯಾಲ ಕೊಡ್ತೀ?" ಎಂದರು. ನಾನು ಆಗಲಿ ಎಂದೆ. ಬಾಡಿಗೆ ಏರಿಸಲು ಸ್ವತಃ ದುಡಿದು, ಏರಿದ್ದನ್ನು ಸ್ವತಃ ಕೊಡುವವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಮೊನ್ನೆ ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೊರಗೆ ಗುಮಾಸ್ತರ ಹೆಂಡತಿ ಖಾಲಾರನ್ನು ಕೇಳುತ್ತಿದ್ದರು: "ಈ ಕಡೀ ಪಾಲು ಖಾಲಿ ಅದ ಅಲ್ರೀ? ನಮ್ಮ ತಂಗಿಗಿ ಬೇಕಾಗಿತ್ತು."

"ಖಾಲಿ ಎಲ್ಲಿ? ಮಾಸ್ತರಣಿ ಅದಾಳಲ್ಲ."

"ಹೌದಾ? ನಾವ ಬಂದು ನಾಕ ತಿಂಗಳಾತು, ಒಂದ ದನಿ ಇಲ್ಲ, ಒಂದ ಸಪ್ಪಳಿಲ್ಲ. ಹಿಂಗ ಬಿಕೋ ಅಂತ ಇಟ್ರ ಓಣಿ ಬಾಡಗಿ ಇಳೀತದ ನೋಡ್ರಿ, ಖಾಲಾ. ಆಕೀಗಿ ಒಂದ ಮಾತ ಹೇಳ್ರಿ."

ನಾನಿದ್ದೇನೆಂದು ಹೇಳಲು ಎದ್ದೆ. ಖಾಲಾ ಹೊಲಿದು ಹಾಕಿದ ನನ್ನ ಬಾಗಿಲ ಪರದೆಯ ತನಕ ಹೋದೆ. ಏನೆಂದು ಶುರುಮಾಡುವುದೆಂದು ಯೋಚಿಸುತ್ತ ಅಲ್ಲೇ ನಿಂತೆ, ಸದ್ದಾಗದಂತೆ.