ತಲೆಗೆ ತಗಲಿದರೆ ಸ್ನಾನ

ಮಗಳು ಫುಟ್‌ಬಾಲ್ ಆಡಲು ಶುರುಮಾಡಿದ ಮೇಲೆ ನಮ್ಮ ಮನೆಯಲ್ಲಿ ಒಂದಿಲ್ಲೊಂದು ಫಜೀತಿ ನಡೆಯುತ್ತಲೇ ಇತ್ತು. ತೊಂಬತ್ತರ ದಶಕದ ಕೊನೆಯ ಮಾತು ಇದು. ಮನೆ ಕಲಬುರಗಿಯಲ್ಲಿ, ನಾನು ಗಣಿತ ಕಲಿಸುತ್ತಿದ್ದ ಶಾಲೆ ಕಮಲಾಪುರದಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನೂ ಅದೇ ಶಾಲೆಗೆ ಸೇರಿಸಿದೆ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳಾಗ ಒಂಬತ್ತನೆಯ ತರಗತಿ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ನಮ್ಮ ಅವ್ವ. ಮೂವರೂ ಹೆಚ್ಚು ಮಾತಿನವರಲ್ಲ. ಆದರೆ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಹಾಗೆ ಹೇಳುವವರು. ಫಜೀತಿಗಳಿಗೆ ಅರ್ಧ ಕಾರಣ ಅದೇ.

ಕೆಂಪು ಬಾಳೆಹಣ್ಣು

ಕಮಲಾಪುರದ ಶಾಲೆಯಲ್ಲಿ ಹುಡುಗಿಯರ ತಂಡ ಕಟ್ಟಿದವರು ನಮ್ಮ ಪಿ.ಟಿ. ಮಾಸ್ತರು. ಪಕ್ಕದ ಹಳ್ಳಿಯ ಶಾಲೆಯೊಂದಿಗೆ ಪಂದ್ಯವಿದೆ, ನೋಡಲು ಬರ್ರಿ ಎಂದು ಅವರು ಕರೆದರು. ಹೋದೆ.

ಚೆಂಡು ಮಗಳ ಕಾಲಿಗೆ ಸಿಕ್ಕಿತೆಂದರೆ ಮುಗಿಯಿತು. ಎದುರಿನ ಹುಡುಗಿಯರು ಬಸ್ಸಿಗೆ ದಾರಿ ಬಿಟ್ಟಂತೆ ಎರಡೂ ಕಡೆ ಸರಿದು ನಿಲ್ಲುತ್ತಿದ್ದರು. ಇವಳು ಒಬ್ಬಳೇ ಹೋಗಿ ಗೋಲು ಹೊಡೆದು, ಒಬ್ಬಳೇ ತಿರುಗಿ ಬರುತ್ತಿದ್ದಳು. ಮುಖದಲ್ಲಿ ಮಾತ್ರ ನಗೆ ಇರಲಿಲ್ಲ.

ನಮ್ಮ ಕಡೆಯ ಗೋಲು ಕಾಯುವ ಹುಡುಗಿ ಬಾಳೆತೋಟದ ಮನೆಯವಳು. ಉಡಿಯಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು, ಕಂಬಕ್ಕೆ ಬೆನ್ನು ಕೊಟ್ಟು, ನಿಧಾನವಾಗಿ ಸುಲಿದು ತಿನ್ನುತ್ತಿದ್ದಳು. ಚೆಂಡು ಬಂದರೆ ಏನು ಮಾಡುತ್ತೀ ಎಂದು ಹತ್ತಿರ ಹೋಗಿ ಕೇಳಿದೆ.

"ಬರಂಗಿಲ್ರೀ ಸರ. ಈ ವರ್ಷ ಇನ್ನಾ ಬಂದೇ ಇಲ್ಲ. ನಿಮಗೊಂದ್ ಕೊಡ್ಲೇನ್ರಿ?"

ತೊಗೊಂಡೆ. ಇನ್ನೊಂದು ಕಂಬಕ್ಕೆ ಒರಗಿ ತಿಂದು ಮುಗಿಸಿದೆ. ಆಗಲೂ ಬರಲಿಲ್ಲ.

ಪಾಸ್

ಈ ಹುಡುಗಿಗೆ ನಮ್ಮ ತಂಡ ಸಾಲುವುದಿಲ್ಲ, ಕಲಬುರಗಿಯಲ್ಲಿ ಉಸ್ತಾದರ ಹತ್ತಿರ ಬಿಡಿ ಎಂದರು ಪಿ.ಟಿ. ಮಾಸ್ತರು. ಉಸ್ತಾದರದು ಮೋಮಿನಪುರದಲ್ಲಿ ಹೊಲಿಗೆ ಅಂಗಡಿ. ಪ್ರಾಯದಲ್ಲಿ ಒಳ್ಳೆಯ ಆಟಗಾರರಾಗಿದ್ದರಂತೆ. ಭಾನುವಾರ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಅವರದು ಎರಡು ತಂಡ: ಕಚ್ಚಾ ಮತ್ತು ಪಕ್ಕಾ. ಕಚ್ಚಾದವರು ಊರಲ್ಲೇ ತಮ್ಮತಮ್ಮಲ್ಲಿ ಆಡಬೇಕು. ಪಕ್ಕಾದವರು ಬೀದರ, ರಾಯಚೂರು ಎಂದು ಹೊರಗೆ ಹೋಗಿ ಆಡಬೇಕು.

ಮಗಳನ್ನು ಯಾವುದಕ್ಕೆ ಹಾಕುತ್ತಾರೆ ಎಂದು ಕೇಳಲು ಕೆಲವು ವಾರ ಕಳೆದ ಮೇಲೆ ಅಂಗಡಿಗೆ ಹೋದೆ. ಅವರು ಬಟ್ಟೆ ಕತ್ತರಿಸುತ್ತಲೇ ಹೇಳಿದರು: "ಲಡಕಿ ಛಲೋ ಅದಾಳ್ರೀ ಮಾಸ್ಟರ್ ಸಾಬ್. ಖರೆ, ಪಾಸ್ ಮಾಡಲ್ಲ."

ಗಣಿತ, ವಿಜ್ಞಾನ ಎರಡರಲ್ಲೂ ಅವಳೇ ಮೊದಲು, ಹಿಂದಿ ಒಂದೇ ಸ್ವಲ್ಪ ಹಿಂದೆ ಎಂದೆ. ಅವರು ಕತ್ತರಿ ನಿಲ್ಲಿಸಿ ನನ್ನನ್ನು ನೋಡಿದರು. ಬೇಕಾದರೆ ಟ್ಯೂಷನ್ ಇಡಿಸುತ್ತೇನೆ ಎಂದೆ.

"ಟ್ಯೂಷನ್ ನಕ್ಕೋ. ಬಾಜೂದಾಕಿಗಿ ಕೊಟ್ರ ಸಾಕ್ರೀ."

ಇದು ನನಗೆ ಸರಿ ಬರಲಿಲ್ಲ. ನಮ್ಮ ಮನೆತನದಲ್ಲಿ ಬಾಜೂದವರಿಗೆ ತೋರಿಸುವ ಪದ್ಧತಿ ಇಲ್ಲ, ಅವರವರದು ಅವರವರು ಮಾಡಬೇಕು ಎಂದೇ ಕಲಿಸಿದ್ದೇನೆ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ.

ಉಸ್ತಾದರು ಕತ್ತರಿ ಕೆಳಗಿಟ್ಟರು. "ಹಾಂ," ಎಂದರು. "ಅದಕ್ಕs ಆಕಿ ಹಂಗ ಅದಾಳ."

ಒಂದು ನಂಬರ್ ದೊಡ್ಡದು

ಬೂಟು ಬೇಕಾಯಿತು. ಜಗತ್ ಸರ್ಕಲ್ ಹತ್ತಿರದ ಅಂಗಡಿಗೆ ಹೋದೆವು. ನಾನು ಮನೆಯಲ್ಲೇ ಮಗಳ ಪಾದವನ್ನು ಹಾಳೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಮಿಲಿಮೀಟರಿನವರೆಗೆ ಅಳತೆ ಮಾಡಿಕೊಂಡಿದ್ದೆ. ಅಂಗಡಿಯವನು ಹಾಳೆ ನೋಡಿ, ಸೈಟು ಎಲ್ಲಿ ಬರುತ್ತದೆ ಸರ್ ಎಂದು ಕೇಳಿದ.

ಸರಿಯಾದ ಅಳತೆಯದು ಸಿಕ್ಕಿತು. ಮಗಳು ಹಾಕಿಕೊಂಡು ನೋಡಿ, ಮೆಲ್ಲಗೆ, "ಆಯಿ ಇದ್ದಿದ್ರ ಒಂದ್ ನಂಬರ್ ದೊಡ್ಡದು ತೊಗೋತಿದ್ಳು," ಎಂದಳು.

ಅದು ನಿಜ. ಅವಳ ಆಯಿ, ಎಂದರೆ ನನ್ನ ಹೆಂಡತಿ, ಚಪ್ಪಲಿ, ಲಂಗ, ಸ್ವೆಟರ್ ಎಲ್ಲವನ್ನೂ ಒಂದಳತೆ ದೊಡ್ಡದೇ ತರುತ್ತಿದ್ದಳು. ಕೂಸು ಬೆಳೀತದ, ಅಳತಿ ಬೆಳೀತದೇನು ಎನ್ನುವುದು ಆಕೆಯ ವಾದ. ನಾನು ಹಾಳೆ ಮಡಚಿ ಜೇಬಿಗೆ ಹಾಕಿ, ದೊಡ್ಡದನ್ನೇ ಕೊಡಿಸಿದೆ. ಮುಂದೆ ಅರಳೆ ತುರುಕಿದೆವು.

ಆ ಭಾನುವಾರ ಅವಳು ಒದ್ದ ಮೊದಲ ಒದೆತಕ್ಕೆ ಚೆಂಡು ಒಂದು ಕಡೆ ಹೋಯಿತು, ಬೂಟು ಒಂದು ಕಡೆ ಹೋಯಿತು. ಗೋಲು ಕಾಯುವಾಕೆ ಬೂಟು ಹಿಡಿದಳು. ಉಸ್ತಾದರು ಬೂಟಿಗೆ ಶಾಬಾಸ್, ಚೆಂಡಿಗೆ ಗೋಲ್ ಎಂದು ತೀರ್ಪು ಕೊಟ್ಟರು.

ಮನೆಗೆ ಬರುವಾಗ, ಬೂಟಿನಂತೆ ಈ ತಂಡವೂ ನಿನಗೆ ಒಂದಳತೆ ದೊಡ್ಡದಾಯಿತೇನೋ, ಕಮಲಾಪುರದ ತಂಡವೇ ಸಾಕಲ್ಲ ಎಂದೆ. ಅಲ್ಲಿ ಅವಳೇ ರಾಣಿ. ಇಲ್ಲಿ ಹುಡುಗಿಯರು ಅವಳನ್ನು ನೂಕಿ ಕೆಡವುತ್ತಿದ್ದುದನ್ನು ನಾನೇ ನೋಡಿದ್ದೆ.

"ಕಮಲಾಪುರದಾಗ ನನಗ ಯಾರೂ ನೂಕಂಗಿಲ್ಲಪ್ಪಾ," ಎಂದಳು. "ಪಿ.ಟಿ. ಸರ್ ಎಲ್ಲಾರಿಗೂ ಹೇಳ್ಯಾರ, ತಾಯಿ ಇಲ್ಲದ ಹುಡುಗಿ, ಮೈಮ್ಯಾಲ ಹೋಗಬ್ಯಾಡ್ರಿ ಅಂತ. ಎದುರಿನ ಶಾಲಿಯವರಿಗೂ ಹೇಳ್ತಾರ. ಇಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ನೂಕ್ತಾರ."

ಎಂದು, ತರಚಿದ ಮೊಣಕೈಯನ್ನು ಹೊಸ ಬಳೆ ತೋರಿಸುವ ಹಾಗೆ ತೋರಿಸಿದಳು. "ನನಗ ಪಕ್ಕಾ ಟೀಮ್ ಬೇಕಪ್ಪಾ."

ಆಯಿ ಹೋದ ಮೇಲೆ ಅವಳು ಬಾಯಿಬಿಟ್ಟು ಬೇಕು ಎಂದ ಮೊದಲ ವಸ್ತು ಅದು.

ಮರುದಿನ ಪಿ.ಟಿ. ಮಾಸ್ತರನ್ನು ಕೇಳಿದೆ. ಅವರು ತಲೆ ಕೆರೆದುಕೊಂಡು ಒಪ್ಪಿದರು. "ಹೋಗ್ಲಿ ಬಿಡ್ರೀ ಸರ. ಕೂಸಿನ್ಯಾಕ, ಸ್ಟಾಫ್ ರೂಮಿನ್ಯಾಗ ಕೇರಂ ಆಡೂವಾಗ ನಿಮ್ಮನ್ನರೆ ಯಾರು ಸೋಲಸ್ತಾರ?"

ಅಲ್ಲಿಯವರೆಗೆ ನನ್ನ ಕೇರಂ ಸುಧಾರಿಸಿದೆ ಎಂದೇ ನಾನು ತಿಳಿದಿದ್ದೆ.

ಅವ್ವನ ಕಾನೂನು

ಅಷ್ಟರಲ್ಲಿ ಚಳಿ ಬಂತು. ಒಂದು ಭಾನುವಾರ ಉಸ್ತಾದರು ನನ್ನನ್ನು ಬದಿಗೆ ಕರೆದರು. ಹುಡುಗಿ ಈಗ ಪಾಸ್ ಕೊಡುತ್ತಾಳೆ, ಬೂಟೂ ಕಾಲಲ್ಲಿ ನಿಲ್ಲುತ್ತದೆ, ಆದರೆ ಚೆಂಡು ಮೇಲಿನಿಂದ ಬಂದರೆ ತಲೆ ಕೊಡುವುದಿಲ್ಲ, ಗುರುಗಳಿಗೆ ನಮಸ್ಕಾರ ಮಾಡಿದಂತೆ ಬಗ್ಗಿಬಿಡುತ್ತಾಳೆ ಎಂದರು. ಪಕ್ಕಾದಲ್ಲಿ ಒಂದೇ ಜಾಗ ಇದೆ. ಮುಂದಿನ ಭಾನುವಾರದ ಪಂದ್ಯ ನೋಡಿ ತೀರ್ಮಾನ ಮಾಡುತ್ತೇನೆ, ಬಗ್ಗಿದರೆ ಈ ವರ್ಷ ಕಚ್ಚಾ. ಬಹುಶಃ ಕಣ್ಣು ಸರಿ ಇಲ್ಲ, ತೋರಿಸಿ ಎಂದೂ ಹೇಳಿದರು.

ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವಳು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿ, ಕೆಳಗಿನ ಅಂಚಿನಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಓದಿದಳು. ಅದು ತಮಗೇ ಕಾಣುವುದಿಲ್ಲ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ, ಹಾಗಾದರೆ ಯಾಕೆ ಬಗ್ಗುತ್ತೀ ಎಂದೆ.

"ತಣ್ಣೀರಪ್ಪಾ," ಎಂದಳು.

ಇದಕ್ಕೆ ಅವ್ವನ ಕಾನೂನು ತಿಳಿಯಬೇಕು. ಉಸ್ತಾದರ ಚೆಂಡು ಚರ್ಮದ್ದು. ಅವ್ವ ಮಡಿಯವಳು. ಆಟ ಬೇಡವೆಂದು ಅವಳು ಎಂದೂ ಹೇಳಲಿಲ್ಲ. ಕೂತು ವಿಚಾರ ಮಾಡಿ ಒಂದು ಇತ್ಯರ್ಥ ಕೊಟ್ಟಳು. ಚಪ್ಪಲಿಯೂ ಚರ್ಮದ್ದೇ, ಆದ್ದರಿಂದ ಚೆಂಡು ಕಾಲಿಗೆ ತಗಲಿದರೆ ಕಾಲು ತೊಳೆದರೆ ಸಾಕು. ತಲೆಗೆ ತಗಲಿದರೆ ತಲೆಯ ಮೇಲೆ ಸ್ನಾನ. ಆಡಿ ಬಂದ ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ, "ಇವತ್ತ ಎಲ್ಲಿ ಹತ್ತೇದ?" ಎಂದು ಕೇಳುವಳು. ಸುಳ್ಳು ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ. ಮಗಳ ಕೂದಲು ಸೊಂಟದವರೆಗೆ.

ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ ಇತ್ತು. ಅದರ ಒಲೆ ಹಚ್ಚುತ್ತಿದ್ದವಳು ನನ್ನ ಹೆಂಡತಿ. ಆಕೆ ಹೋದ ಮೇಲೆ ಯಾರೂ ಹಚ್ಚಿರಲಿಲ್ಲ. ಹಚ್ಚಬೇಡಿ ಎಂದು ಯಾರೂ ಹೇಳಿರಲಿಲ್ಲ. ಸುಮ್ಮನೆ ಯಾರೂ ಹಚ್ಚಲಿಲ್ಲ. ಮೂವರೂ ತಣ್ಣೀರನ್ನೇ ಹಾಕಿಕೊಂಡು, ಈ ವರ್ಷ ಚಳಿ ಕಡಿಮೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಮನೆಯಲ್ಲಿ ಸುಳ್ಳು ಎಂದರೆ ಅದೊಂದೇ.

ಉಸ್ತಾದರಿಗೆ ವಿಷಯ ತಿಳಿಸಿದೆ. ಅವರು ನಗಲಿಲ್ಲ. ಟೇಪು ಸುತ್ತಿಡುತ್ತ, "ಕಣ್ಣಿಗೆ ಚಷ್ಮಾ ಸಿಗ್ತದ್ರೀ ಮಾಸ್ಟರ್ ಸಾಬ್," ಎಂದರು. "ನಿಮ್ಮ ಅಮ್ಮಾಜಾನ್‌ಗೆ ನಾ ಏನ್ ಹೇಳ್ಲಿ?"

ಹಂಡೆ

ಅವ್ವನಿಗೆ ನಾನು ಕಾನೂನು ಬದಲಿಸು ಎನ್ನಲಿಲ್ಲ. ಜಾಗ ಒಂದೇ ಇದೆ, ತಲೆ ಕೊಡದಿದ್ದರೆ ಸಿಗುವುದಿಲ್ಲ, ಕೂಸಿಗೆ ಅದು ಬಹಳ ಬೇಕಾಗಿದೆ ಎಂದಷ್ಟೇ ಊಟಕ್ಕೆ ಕೂತಾಗ ಹೇಳಿದೆ. ಅವ್ವ ಸಾರು ಬಡಿಸಿದಳು.

ಭಾನುವಾರ ಮಧ್ಯಾಹ್ನ ಮೈದಾನಕ್ಕೆ ಹೋದೆವು. ಎರಡೂ ಕಡೆಯವರು ಗಟ್ಟಿ. ಅರ್ಧ ಆಟ ಮುಗಿದರೂ ಗೋಲು ಇಲ್ಲ. ಮಗಳು ಒಮ್ಮೆ ಬಗ್ಗಿದಳು. ಉಸ್ತಾದರು ಆಕಾಶ ನೋಡಿದರು.

ಅಷ್ಟರಲ್ಲಿ ಒಂದು ಆಟೋ ಬಂದು ಮೈದಾನದ ಅಂಚಿಗೆ ನಿಂತಿತು. ಕಚ್ಚೆ ಸೀರೆಯ ಅವ್ವ ಇಳಿದಳು. ಗುಡಿ ಬಿಟ್ಟರೆ ಬೇರೆಲ್ಲಿಗೂ ಹೋಗದವಳು. ಉಸ್ತಾದರು ಓಡಿಹೋಗಿ ತಮ್ಮ ಕುರ್ಚಿ ಕೊಟ್ಟರು. ಅವ್ವ ಅದನ್ನು ಗೋಲಿನ ಹಿಂದೆ ಹಾಕಿಸಿಕೊಂಡು ಕೂತಳು. ಅಲ್ಲಿ ಬಿಸಿಲು ಚೆನ್ನಾಗಿತ್ತಂತೆ. ಅವಳ ಹಣೆಯ ಮೇಲೆ ಮಸಿ ಹತ್ತಿತ್ತು.

ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ಮಗಳು ಅದರ ಕೆಳಗೇ ಇದ್ದಳು. ಕುತ್ತಿಗೆ ಬಗ್ಗುತ್ತಿರುವುದು ನನಗೆ ಕಾಣಿಸಿತು. ಅವ್ವ ಕುರ್ಚಿಯಿಂದ ಎದ್ದು ನಿಂತಳು.

"ತಲೀಲೆ ಹೊಡೀಯs! ಹಂಡೇದಾಗ ನೀರ ಕಾದಾವ!"

ಅವ್ವ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಎದುರಿನ ಹುಡುಗಿಯರೆಲ್ಲ ಯಾವ ಹಂಡೆ ಎಂದು ತಿರುಗಿ ನೋಡಿದರು. ಮಗಳು ನೆಗೆದು ಹಣೆ ಕೊಟ್ಟಳು. ಚೆಂಡು ಅಡ್ಡಕಂಬದ ಮೇಲಿನಿಂದ ಹಾರಿ, ಒಮ್ಮೆ ಪುಟಿದು, ಆಗಷ್ಟೇ ಕೂತ ಅವ್ವನ ಮಡಿಲಲ್ಲಿ ಬಿತ್ತು.

ಉಸ್ತಾದರು ಮಾಫ್ ಮಾಡ್ರೀ ಅಮ್ಮಾಜಾನ್ ಎನ್ನುತ್ತ ಓಡಿಬಂದರು. ಅವ್ವ ಎರಡೂ ಕೈಯಲ್ಲಿ ಚೆಂಡು ಹಿಡಿದು, ತಿರುಗಿಸಿ ನೋಡಿ, ಮೊಮ್ಮಗಳ ಕಡೆ ಮುಖ ಮಾಡಿದಳು.

"ಇರ್ಲಿ. ಇಬ್ಬರಿಗಾಗೋವಷ್ಟು ನೀರ ಅವ."

ಮಗಳು ನಡುಮೈದಾನದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತು ನಕ್ಕಳು. ಆ ನಗೆಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಉಸ್ತಾದರು ನನ್ನ ಪಕ್ಕ ಬಂದು ನಿಂತು, "ಪಕ್ಕಾ," ಎಂದರು. ಗೋಲು ಆಗಲಿಲ್ಲವಲ್ಲ ಎಂದೆ ನಾನು, ಲೆಕ್ಕ ಲೆಕ್ಕವೇ. "ಗೋಲ್ ನಾ ಕಲಸ್ತೀನ್ರೀ. ಬಗ್ಗಲಿಲ್ಲಲ್ಲ," ಎಂದರು.

ಮನೆಗೆ ಬಂದಾಗ ಬಚ್ಚಲ ತುಂಬ ಹೊಗೆಯ ವಾಸನೆ. ಯಾರು ಮೊದಲು ಎಂದು ಅಜ್ಜಿ ಮೊಮ್ಮಗಳು ಜಗಳಾಡಿ, ಒಬ್ಬರಾದ ಮೇಲೆ ಒಬ್ಬರು ಸ್ನಾನ ಮುಗಿಸಿದರು. ಅವ್ವ ಒದ್ದೆ ಕೂದಲು ಗಂಟುಕಟ್ಟಿಕೊಂಡು ಬಂದು, ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ನಿನಗೆಲ್ಲಿ ಹತ್ತೇದೋ?"

ಇಡೀ ಆಟ ನಾನು ಗೆರೆಯಿಂದ ಮಾರು ದೂರ ನಿಂತಿದ್ದೆ.

"ತಲೀಗs ಅವ್ವಾ," ಎಂದೆ.